ಥೆಸ್ಸಲಿಯ ಮೃಣ್ಮೂರ್ತಿಗಳು

ಗ್ರೀಸ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಮೃತಶಿಲೆಯ ದೇಗುಲಗಳು, ಹೋಮರನ ವೀರರು, ಸಾಕ್ರೆಟೀಸನ ಸಂವಾದಗಳು. ಆದರೆ ಪಾರ್ಥೆನಾನ್ ದೇಗುಲ ತಲೆಯೆತ್ತುವುದಕ್ಕೆ ಐದು ಸಾವಿರ ವರ್ಷಗಳಿಗೂ ಮೊದಲೇ ಆ ನಾಡಿನ ಥೆಸ್ಸಲಿಯ ಬಯಲಿನಲ್ಲಿ ಬೇಸಾಯಗಾರರ ಹಳ್ಳಿಗಳಿದ್ದವು. ಗೋಧಿ, ಜವೆ ಬೆಳೆದು, ಆಡು ಕುರಿ ಸಾಕಿ ಬಾಳಿದ ಈ ಜನರ ಮಣ್ಣಿನ ಮನೆಗಳು ಬಿದ್ದಲ್ಲೇ ಹೊಸ ಮನೆಗಳೆದ್ದು, ಶತಮಾನಗಳುದ್ದಕ್ಕೂ ನೆಲವೇ ದಿಬ್ಬವಾಗಿ ಬೆಳೆಯಿತು. ಇಂಥ ದಿಬ್ಬಕ್ಕೆ ಅಲ್ಲಿಯವರು 'ಮಾಗೂಲ' ಎನ್ನುವರು. ದಿಮಿನಿ ಮತ್ತು ಸೆಸ್ಕ್ಲೊ ಎಂಬೆರಡು ನೆಲೆಗಳನ್ನು ಅಗೆದು 1908ರಲ್ಲಿ ಗ್ರಂಥ ಪ್ರಕಟಿಸಿದ ಕ್ರಿಸ್ಟೋಸ್ ತ್ಸೂಂತಾಸ್ ಅವರಿಂದ ಈ ಲೋಕ ವಿದ್ವತ್ಪ್ರಪಂಚಕ್ಕೆ ಪರಿಚಿತವಾಯಿತು.

ಈ ದಿಬ್ಬಗಳಲ್ಲಿ ಮಡಕೆಗಳ ಜೊತೆಗೆ ದೊರೆತವು ಅಂಗೈಯಲ್ಲಿ ಹಿಡಿಸುವಂಥ ಮಣ್ಣಿನ ಮೂರ್ತಿಗಳು. ಹೆಣ್ಣಿನ ರೂಪಗಳೇ ಹೆಚ್ಚು. ಗಂಡಿನವೂ ಉಂಟು, ಯಾವುದೆಂದು ಹೇಳಲಾಗದವೂ ಉಂಟು. ತುಂಬಿದ ನಿತಂಬ, ನೀಳ ಕೊರಳು, ಕಾಫಿಬೀಜದಂತೆ ನಡುವೆ ಸೀಳಿದ ಕಣ್ಣು.

ಇವು ಏನು? ಮೆಸಿಡೋನಿಯದ ನೇಅ ನಿಕೊಮಿಡಿಯದಲ್ಲಿ 1961ರಿಂದ ನಡೆದ ಉತ್ಖನನದಲ್ಲಿ, ಊರಿನ ಉಳಿದ ಮನೆಗಳಿಗಿಂತ ದೊಡ್ಡದಾದ ಕಟ್ಟಡವೊಂದರೊಳಗೆ ಐದು ಸ್ತ್ರೀಮೂರ್ತಿಗಳು ಸಿಕ್ಕಾಗ ಅದನ್ನು ಪೂಜಾಗೃಹವೆಂದರು. ಮಾರಿಯಾ ಗಿಂಬುಟಾಸ್ ಇನ್ನೂ ಮುಂದೆ ಹೋದರು. ಪ್ರಾಚೀನ ಯುರೋಪಿನಲ್ಲೆಲ್ಲ ಒಬ್ಬ ಮಹಾಮಾತೆಯ ಆರಾಧನೆಯಿತ್ತೆಂಬುದು ಅವರ ಸಿದ್ಧಾಂತ. 1973-74ರಲ್ಲಿ ಥೆಸ್ಸಲಿಯ ಅಖಿಲ್ಲೆಯೊನ್ ನೆಲೆಯನ್ನು ಅಗೆದವರೂ ಅವರೇ. ಸಿದ್ಧಾಂತ ಭವ್ಯವಾಗಿದೆ, ಸಂದೇಹವಿಲ್ಲ. ಭವ್ಯವಾದುದೆಲ್ಲ ಸಾಧಾರವಾಗಿರಬೇಕೆಂಬ ನಿಯಮವಿಲ್ಲ. ಹೆಣ್ಣಿನ ರೂಪ ಕಂಡಲ್ಲೆಲ್ಲ ದೇವಿಯನ್ನು ಕಾಣಬಾರದು, ಪ್ರತಿಯೊಂದು ಮೂರ್ತಿ ಎಲ್ಲಿ, ಯಾವ ಸ್ಥಿತಿಯಲ್ಲಿ ದೊರೆಯಿತೆಂಬುದನ್ನು ಮೊದಲು ನೋಡಬೇಕೆಂದು ಪೀಟರ್ ಉಕೊ 1968ರಷ್ಟು ಹಿಂದೆಯೇ ವಾದಿಸಿದ್ದರು. ನನಗೆ ಒಪ್ಪಿಗೆಯಾಗುವುದು ಈ ಮಾರ್ಗವೇ. ಪಾಠ ನಿರ್ಣಯಿಸದೆ ಅರ್ಥ ಹೇಳಹೊರಡುವುದು ಗ್ರಂಥಸಂಪಾದನೆಯಲ್ಲಿ ಹೇಗೆ ದೋಷವೋ ಇಲ್ಲಿಯೂ ಹಾಗೆಯೇ.

ದೊರೆತ ಸ್ಥಳ ಎಷ್ಟು ಹೇಳಬಲ್ಲದೆಂಬುದಕ್ಕೆ ಪ್ಲಾತಿಯಾ ಮಾಗೂಲ ಝಾರ್ಕೂ ನೆಲೆಯೇ ಸಾಕ್ಷಿ. ಅಲ್ಲಿಯ ಮನೆಯೊಂದರ ನೆಲದಡಿಯಲ್ಲಿ, ಒಲೆಯ ಸಮೀಪದ ಗುಂಡಿಯಲ್ಲಿ, ಕೋಸ್ತಾಸ್ ಗಾಲಿಸ್ ಅವರಿಗೆ ಮಣ್ಣಿನ ಪುಟ್ಟ ಮನೆಯೊಂದು ದೊರೆಯಿತು. 1985ರಲ್ಲಿ ಅವರು ಅದನ್ನು ಪ್ರಕಟಿಸಿದರು. ಕಾಲ ಸುಮಾರು ಕ್ರಿ.ಪೂ. 5300. ಮಾಡಿಲ್ಲದ ಆ ಮನೆಯೊಳಗೆ ಪುಟ್ಟ ಒಲೆಯಿದೆ. ಜೊತೆಗೆ ದೊಡ್ಡವು, ಚಿಕ್ಕವು ಸೇರಿ ಎಂಟು ಮೂರ್ತಿಗಳಿವೆ. ಇದು ಹಲವು ತಲೆಮಾರುಗಳ ಒಂದು ಕುಟುಂಬವೆಂದೂ, ಮನೆ ಕಟ್ಟುವಾಗ ಅಡಿಪಾಯಕ್ಕೆ ಅರ್ಪಿಸಿದ್ದೆಂದೂ ಅವರ ಅಭಿಪ್ರಾಯ. ಬೇರೆಡೆಗಳಲ್ಲಿ ಚದುರಿ, ಮುರಿದು ಸಿಗುವ ಮೂರ್ತಿಗಳು ಇಲ್ಲಿ ಮಾತ್ರ ಇಟ್ಟವರು ಇಟ್ಟಂತೆಯೇ ಉಳಿದಿವೆ. ಗುಡಿಯಲ್ಲಿ ಕೂರಿಸಿದ ದೇವತೆಗಿಂತ, ತನ್ನವರನ್ನೇ ಮಣ್ಣಿನಲ್ಲಿ ರೂಪಿಸಿದ ಗೃಹಸ್ಥನೋ ಗೃಹಿಣಿಯೋ ಇಲ್ಲಿ ನಮಗೆ ಹೆಚ್ಚು ಹತ್ತಿರವಾಗುತ್ತಾರೆ.

ಎಲ್ಲ ಮೂರ್ತಿಗಳಿಗೂ ಇದೇ ಅರ್ಥವೆನ್ನಲಾಗದು. ದಕ್ಷಿಣದ ಪೆಲೊಪೊನೀಸ್‌ನಲ್ಲಿ ಒಂದೊಂದಾಗಿ ಬೇರ್ಪಡಿಸಲೆಂದೇ ಮಾಡಿದ ಜೋಡಿ ಕಾಲುಗಳು ಸಿಕ್ಕಿವೆ. ಇವು ಎರಡು ಊರುಗಳವರು ಒಡಂಬಡಿಕೆಯ ಗುರುತಾಗಿ ಹಂಚಿಕೊಂಡವಿರಬಹುದೆಂದು ಲಾರೆನ್ ಟಾಲಲೆ 1987ರಲ್ಲಿ ಸೂಚಿಸಿದರು. ಮುಂದಿನ ಗ್ರೀಕರು ಅತಿಥಿಯೊಡನೆ ಮುರಿದು ಹಂಚಿಕೊಳ್ಳುತ್ತಿದ್ದ ತುಂಡಿಗೆ 'ಸಿಂಬೊಲೊನ್' ಎಂಬ ಹೆಸರಿತ್ತು. ಸಂಕೇತವೆಂಬರ್ಥದ ಇಂಗ್ಲಿಷ್ ಪದ ಹುಟ್ಟಿದ್ದು ಅದರಿಂದಲೇ. ಇನ್ನು ಥೆಸ್ಸಲಿಯ ದಕ್ಷಿಣದಂಚಿನ ಕೂತ್ರೂಲು ಮಾಗೂಲದಲ್ಲಿ ಈ ಶತಮಾನದಲ್ಲಿ 300ಕ್ಕೂ ಹೆಚ್ಚು ಮೂರ್ತಿಗಳು ಹೊರಬಂದಿವೆ. ಅವು ಒಂದೇ ಕಟ್ಟಡದಲ್ಲಿ ಗುಂಪಾಗಿರದೆ ನೆಲೆಯ ತುಂಬ ಹರಡಿದ್ದವು. ಕೆಲವು ಅರ್ಧ ಮನುಷ್ಯ, ಅರ್ಧ ಹಕ್ಕಿ.