ಬೈಕ್‌ನಲ್ಲಿ ಅಜಂತಾ ಪ್ರವಾಸವೇ? ಸಿಲ್ಲೋಡ್ ಮಾರ್ಗದ ಧೂಳಿಗೆ ಯಾವ ಏರ್ ಫಿಲ್ಟರ್ ಸೂಕ್ತ? ಇಲ್ಲಿದೆ ಮಾಹಿತಿ

ಬೈಕ್ ಏರಿ ಅಜಂತಾ ಗುಹೆಗಳನ್ನು ನೋಡಲು ಹೊರಟಿದ್ದೀರಾ? ಟೈರ್, ಬ್ರೇಕ್, ಎಂಜಿನ್ ಆಯಿಲ್ ಜತೆಗೆ ಏರ್ ಫಿಲ್ಟರ್ ಅನ್ನೂ ಒಮ್ಮೆ ಪರಿಶೀಲಿಸಿ. ಉತ್ತರ ಕರ್ನಾಟಕದ ಸವಾರರು ವಿಜಯಪುರದಿಂದ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸೊಲ್ಲಾಪುರ, ಬೀಡ್ ದಾಟಿ ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ತಲುಪುತ್ತಾರೆ. ಅಲ್ಲಿಂದ ಅಜಂತಾಗೆ ಸುಮಾರು 100 ಕಿ.ಮೀ. ದಾರಿಯ ನಡುವೆ ಸಿಗುವ ತಾಲೂಕು ಕೇಂದ್ರವೇ ಸಿಲ್ಲೋಡ್.

ಇದು ಹತ್ತಿ, ಮೆಕ್ಕೆಜೋಳ ಬೆಳೆಯುವ ಕಪ್ಪು ಮಣ್ಣಿನ ನಾಡು. ಬೇಸಿಗೆಯಲ್ಲಿ ಒಣಗಿದ ಎರೆಮಣ್ಣು ಹಿಟ್ಟಿನಂತೆ ಹಾರುತ್ತದೆ. ಕಾಮಗಾರಿ ನಡೆಯುವ ಕಡೆ ಜಲ್ಲಿಯ ಪುಡಿಯೂ ಅದಕ್ಕೆ ಸೇರುತ್ತದೆ.

ಎಂಜಿನ್‌ಗೆ ಎಷ್ಟು ಗಾಳಿ ಬೇಕು?

1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲ್‌ಗೆ ಹತ್ತಿರ ಹತ್ತಿರ 9 ಸಾವಿರ ಲೀಟರ್ ಗಾಳಿ! ಅದರೊಂದಿಗೆ ಒಳನುಗ್ಗುವ ಗಟ್ಟಿ ಕಣಗಳು ಸಿಲಿಂಡರ್ ಮತ್ತು ಪಿಸ್ಟನ್ ರಿಂಗ್‌ಗಳನ್ನು ಉಜ್ಜುಕಾಗದದಂತೆ ಸವೆಸುತ್ತವೆ. ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ, ಬಿಳಿ-ನೀಲಿ ಹೊಗೆ ಉಗುಳುತ್ತದೆ. ಆಗ ಎಂಜಿನ್ ಬಿಚ್ಚಿಸದೆ ದಾರಿಯಿಲ್ಲ.

ಯಾವ ಫಿಲ್ಟರ್ ಆಯ್ಕೆ ಮಾಡಬೇಕು?

ಪೇಪರ್ ಫಿಲ್ಟರ್: ಹೆಚ್ಚಿನ ಬೈಕ್‌ಗಳಲ್ಲಿ ಕಂಪನಿಯೇ ಅಳವಡಿಸುವುದು ಇದನ್ನು. ಸಣ್ಣ ಧೂಳನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಬೇಗ ಕಟ್ಟಿಕೊಳ್ಳುತ್ತದೆ, ಒದ್ದೆಯಾದರೆ ಕೆಡುತ್ತದೆ. ಎಣ್ಣೆ ಲೇಪಿತ ಪೇಪರ್ ಆಗಿದ್ದರೆ ಗಾಳಿ ಹೊಡೆದು ಸ್ವಚ್ಛಗೊಳಿಸುವಂತಿಲ್ಲ, ಬದಲಿಸುವುದೊಂದೇ ದಾರಿ.

ಫೋಮ್ ಫಿಲ್ಟರ್: ಎಣ್ಣೆ ಹಚ್ಚಿದ ಫೋಮ್ ಹೆಚ್ಚು ಧೂಳು ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಮತ್ತೆ ಬಳಸಬಹುದು. ಪದೇ ಪದೇ ಮಣ್ಣಿನ ದಾರಿಯಲ್ಲಿ ಓಡುವವರಿಗೆ ಉತ್ತಮ. ಎಣ್ಣೆಯಿಲ್ಲದ ಫೋಮ್ ಮಾತ್ರ ಸಣ್ಣ ಧೂಳನ್ನು ಒಳಬಿಡುತ್ತದೆ.

ಕಾಟನ್ ಫಿಲ್ಟರ್: ‘ಪರ್ಫಾರ್ಮೆನ್ಸ್’ ಹೆಸರಿನಲ್ಲಿ ಮಾರಾಟವಾಗುವ ಇವು ಹೆಚ್ಚು ಗಾಳಿ ಬಿಡುತ್ತವೆ. ಧೂಳಿನ ದಾರಿಗೆ ಹೊರಟವರಿಗೆ ಬೇಕಿರುವುದು ಗಾಳಿಯಷ್ಟೇ ಅಲ್ಲ, ಶೋಧನೆ. ಏರ್ ಬಾಕ್ಸ್ ತೆಗೆದು ಹಾಕುವ ತೆರೆದ ಕೋನ್ ಫಿಲ್ಟರ್ ಈ ಮಾರ್ಗಕ್ಕೆ ಬೇಡವೇ ಬೇಡ.

ಒಂದೇ ಪ್ರವಾಸಕ್ಕಾದರೆ ಕಂಪನಿಯ ಹೊಸ ಫಿಲ್ಟರ್ ಹಾಕಿಸಿ, ಇನ್ನೊಂದನ್ನು ಬ್ಯಾಗ್‌ನಲ್ಲಿ ಇಟ್ಟುಕೊಳ್ಳುವುದೇ ಸರಳ ಮತ್ತು ಸುರಕ್ಷಿತ.

ಅಂಚಿನ ಬಗ್ಗೆ ಎಚ್ಚರ

ಎಷ್ಟೇ ದುಬಾರಿ ಫಿಲ್ಟರ್ ಹಾಕಿದರೂ ಅಂಚು ಸರಿಯಾಗಿ ಕೂರದಿದ್ದರೆ ಧೂಳು ಪಕ್ಕದಿಂದಲೇ ನುಸುಳುತ್ತದೆ. ಏರ್ ಬಾಕ್ಸ್‌ನ ರಬ್ಬರ್ ಸೀಲ್ ಬಿರುಕು ಬಿಟ್ಟಿದೆಯೇ, ಕ್ಲಿಪ್ ಮತ್ತು ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಹೊರಡುವ ಮುನ್ನ ಫಿಲ್ಟರ್ ತೆಗೆದು, ಎಂಜಿನ್ ಕಡೆಯ ಪೈಪ್‌ನೊಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಅಂಟಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ.

ದಾರಿಯಲ್ಲಿ ಏನು ಮಾಡಬೇಕು?

* ಲಾರಿ ಅಥವಾ ಜತೆಗಾರರ ಬೈಕ್ ಎಬ್ಬಿಸುವ ಧೂಳಿನೊಳಗೆ ಸಾಗಬೇಡಿ. ಧೂಳು ಅಡಗುವಷ್ಟು ಅಂತರ ಬಿಡಿ.
* ಎಳೆತ ಕಡಿಮೆಯಾದರೆ, ಮೈಲೇಜ್ ಇಳಿದರೆ ಮೊದಲು ಫಿಲ್ಟರ್ ನೋಡಿ.
* ಒಣ ಪೇಪರ್ ಫಿಲ್ಟರ್‌ಗೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಹೊಡೆಯಿರಿ.
* ಫೋಮ್ ಅನ್ನು ಪೆಟ್ರೋಲ್‌ನಲ್ಲಿ ತೊಳೆಯಬೇಡಿ. ಬೆಂಕಿಯ ಅಪಾಯವಿದೆ, ಅಂಟೂ ಬಿಡುತ್ತದೆ.
* ಕಟ್ಟಿಕೊಂಡಿದೆ ಎಂದು ಫಿಲ್ಟರ್ ತೆಗೆದಿಟ್ಟು ಓಡಿಸುವ ಸಾಹಸ ಬೇಡ.

ಕೈಪಿಡಿಯಲ್ಲಿ ಹೇಳಿರುವ ಬದಲಾವಣೆಯ ಅಂತರ ಸಾಮಾನ್ಯ ರಸ್ತೆಗಳಿಗೆ ಅನ್ವಯ. ಧೂಳಿನ ಪ್ರವಾಸ ಮುಗಿಸಿ ಮನೆಗೆ ಮರಳಿದ ಮೇಲೆ, ಮುಂದಿನ ಸರ್ವಿಸ್‌ಗೆ ಕಾಯದೆ ಫಿಲ್ಟರ್ ಪರೀಕ್ಷಿಸಿ. ಬೋರ್ ಕೆಲಸದ ಖರ್ಚಿನ ಮುಂದೆ ಒಂದು ಫಿಲ್ಟರ್‌ನ ಬೆಲೆ ಏನೇನೂ ಅಲ್ಲ ಎಂಬುದು ನೆನಪಿರಲಿ.