ಹೆಸರಿಲ್ಲದವನ ಪತ್ರ, ಹೆಸರಿದ್ದವನ ಕಟಕಟೆ

ಮೂಗರ್ಜಿ ಎಂದರೆ ನಮ್ಮಲ್ಲಿ ಹೇಡಿಯ ಕೆಲಸವೆಂದೇ ಲೆಕ್ಕ. ಹೆಸರು ಹಾಕುವ ಧೈರ್ಯವಿಲ್ಲದವನ ಮಾತಿಗೆ ಏನು ಬೆಲೆ ಎಂದು ಕೇಳುತ್ತೇವೆ. ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವನು ಹದಿನೆಂಟನೆಯ ಶತಮಾನದ ಲಂಡನ್ನಿನ ‘ಜೂನಿಯಸ್’.

ಅದು ಅವನ ನಿಜವಾದ ಹೆಸರಲ್ಲ. 1769ರ ಜನವರಿ 21ರಿಂದ ಸರಿಯಾಗಿ ಮೂರು ವರ್ಷ ‘ಪಬ್ಲಿಕ್ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ಆ ಹೆಸರಿನ ಪತ್ರಗಳು ಅಚ್ಚಾದವು. ಆಗಿನ ರಾಜಕೀಯದಲ್ಲಿ ಸಿಟ್ಟಿಗೆ ಕಾರಣಗಳಿಗೆ ಕೊರತೆಯಿರಲಿಲ್ಲ. 1769ರಲ್ಲಿ ಮಿಡ್ಲ್‌ಸೆಕ್ಸ್ ಕ್ಷೇತ್ರದ ಚುನಾವಣೆಯಲ್ಲಿ 1143 ಮತ ಪಡೆದ ಜಾನ್ ವಿಲ್ಕ್ಸ್‌ನನ್ನು ಹೊರಗಿಟ್ಟು, 296 ಮತದ ಲಟ್ರೆಲ್‌ನನ್ನು ಸಂಸತ್ತು ಒಳಗೆ ಕೂರಿಸಿಕೊಂಡಿತು. ಇಂಥ ಅನ್ಯಾಯವನ್ನು ಜೂನಿಯಸ್ ಬಿಡಿಬಿಡಿಸಿ ತೋರಿಸಿದ. ಪ್ರಧಾನಿ ಗ್ರಾಫ್ಟನ್ನನ ಮಾನ ಹರಾಜಿಗಿಟ್ಟ.

ಆದರೆ ಅವನು ಬರಿಯ ನ್ಯಾಯವಂತನೂ ಅಲ್ಲ. ಬೆಡ್‌ಫರ್ಡ್ ಡ್ಯೂಕನನ್ನು ಟೀಕಿಸುವ ಭರದಲ್ಲಿ, ಕುದುರೆಯಿಂದ ಬಿದ್ದು ಸತ್ತ ಅವನ ಮಗನ ವಿಷಯವನ್ನೂ ಎಳೆತಂದ. ಮುಸುಕು ಸತ್ಯಕ್ಕೆ ಕೊಡುವ ರಕ್ಷಣೆಯನ್ನೇ ಕ್ರೌರ್ಯಕ್ಕೂ ಕೊಡುತ್ತದೆ. ತನ್ನ ಹೆಸರಿನಲ್ಲೇ ಉತ್ತರ ಬರೆದ ಸರ್ ವಿಲಿಯಂ ಡ್ರೇಪರ್ ಈ ಆಟದಲ್ಲಿ ಸೋತದ್ದು ಸಹಜ. ಒಬ್ಬ ಬಯಲಲ್ಲಿ, ಇನ್ನೊಬ್ಬ ಮರೆಯಲ್ಲಿ.

1769ರ ಡಿಸೆಂಬರ್ 19ರಂದು ಜೂನಿಯಸ್ ನೇರವಾಗಿ ಮೂರನೆಯ ಜಾರ್ಜ್ ದೊರೆಗೇ ಪತ್ರ ಬರೆದ. ಸರ್ಕಾರಕ್ಕೆ ಇನ್ನು ತಡೆಯಲಾಗಲಿಲ್ಲ. ಬರೆದವನು ಸಿಗುವಂತಿರಲಿಲ್ಲ, ಸಿಕ್ಕವನು ಮುದ್ರಕ ಹೆನ್ರಿ ವುಡ್‌ಫಾಲ್. ಕಾಫಿ ಮನೆಗಳ ಮೂಲಕ ಪತ್ರ ವ್ಯವಹಾರ ನಡೆಸುತ್ತಿದ್ದ ಈ ಲೇಖಕ ಯಾರೆಂದು ಅವನಿಗೂ ತಿಳಿದಿರಲಿಲ್ಲ. ಆದರೂ 1770ರ ಜೂನ್‌ನಲ್ಲಿ ಕಟಕಟೆಯಲ್ಲಿ ನಿಂತವನು ಅವನು.

ಆಗಿನ ನ್ಯಾಯಪದ್ಧತಿ ವಿಚಿತ್ರವಾಗಿತ್ತು. ಅಚ್ಚು ಹಾಕಿದ್ದು ನಿಜವೇ, ಮಾತಿನ ಅರ್ಥವೇನು ಎಂಬುದಷ್ಟೇ ಜ್ಯೂರಿಯ ಕೆಲಸ. ಬರಹ ರಾಜದ್ರೋಹವೇ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಪಾಲು. ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಇದನ್ನೇ ಒತ್ತಿ ಹೇಳಿದ. ಜ್ಯೂರಿಯವರು ಮಾತ್ರ ಜಾಣರು. ವುಡ್‌ಫಾಲ್ ಅಚ್ಚು ಹಾಕಿ ಪ್ರಕಟಿಸಿದ್ದಕ್ಕೆ ‘ಮಾತ್ರ’ ತಪ್ಪಿತಸ್ಥ ಎಂದರು. ಆ ಒಂದು ಪದದಿಂದ ಮೊಕದ್ದಮೆ ಗೋಜಲಾಗಿ, ಕೊನೆಗೆ ಅವನಿಗೆ ಶಿಕ್ಷೆಯಾಗಲೇ ಇಲ್ಲ. ಅದೇ ಪತ್ರವನ್ನು ಮರುಮುದ್ರಿಸಿದ ಜಾನ್ ಮಿಲ್ಲರ್‌ನನ್ನು ಇನ್ನೊಂದು ಜ್ಯೂರಿ ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ಇಡೀ ಪ್ರಶ್ನೆಯನ್ನು ತೀರ್ಮಾನಿಸುವ ಹಕ್ಕು ಜ್ಯೂರಿಗೆ ಕಾನೂನಿನ ಮೂಲಕ ದೊರೆತದ್ದು 1792ರಲ್ಲಿ, ಫಾಕ್ಸ್ ತಂದ ಮಸೂದೆಯಿಂದ.

ಜೂನಿಯಸ್ ಯಾರು? ಯುದ್ಧ ಇಲಾಖೆಯ ಗುಮಾಸ್ತ ಫಿಲಿಪ್ ಫ್ರಾನ್ಸಿಸ್ ಎಂದು ಹೆಚ್ಚಿನ ವಿದ್ವಾಂಸರ ಮತ. ಅವನೇ 1774ರಲ್ಲಿ ಕಲ್ಕತ್ತೆಯ ಆಡಳಿತ ಮಂಡಳಿಗೆ ಬಂದವನು. 1780ರಲ್ಲಿ ವಾರನ್ ಹೇಸ್ಟಿಂಗ್ಸ್‌ನೊಡನೆ ಪಿಸ್ತೂಲು ಹಿಡಿದು ದ್ವಂದ್ವಕ್ಕಿಳಿದು ಗಾಯಗೊಂಡವನು. 1818ರಲ್ಲಿ ಸಾಯುವವರೆಗೂ ಜೂನಿಯಸ್ ತಾನೇ ಎಂದು ಬಹಿರಂಗವಾಗಿ ಒಪ್ಪಲಿಲ್ಲ.

ಆ ಗುಟ್ಟಿನ ಬಗ್ಗೆ ಪುಸ್ತಕಗಳ ಮೇಲೆ ಪುಸ್ತಕಗಳು ಬಂದಿವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ವುಡ್‌ಫಾಲ್‌ನ ಪಾಲು. ಗುಮಾಸ್ತನೊಬ್ಬ ಹೆಸರು ಹಾಕಿ ದೊರೆಗೆ ಬುದ್ಧಿ ಹೇಳುವಂತಿರಲಿಲ್ಲ, ನಿಜ. ಆದರೆ ಅವನ ಹೆಸರಿಲ್ಲದ ಮಾತು ಊರಿಗೆ ಕೇಳಿಸಬೇಕಾದರೆ ಹೆಸರಿದ್ದವನೊಬ್ಬ ಅದರ ಹೊಣೆ ಹೊರಬೇಕಾಯಿತು. ಹೆಸರು ಊರಿಗೆ ಗೊತ್ತಿಲ್ಲದ ಹನ್ನೆರಡು ಮಂದಿ ಅವನನ್ನು ಉಳಿಸಿದರು.