ವಿಟ್ವರ್ತನ ಷಟ್ಕೋಣ ನಳಿಗೆ

ಕೋವಿಯ ಚರಿತ್ರೆಯೆಂದರೆ ಯುದ್ಧಗಳ ಮತ್ತು ಸೇನಾಪತಿಗಳ ಕಥೆಯೆಂದೇ ಸಾಮಾನ್ಯವಾದ ಭಾವನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಗುಂಡು ದೂರದ ಗುರಿಯನ್ನು ತಪ್ಪದೆ ಮುಟ್ಟುವಂತಾದುದಕ್ಕೆ ಅಳತೆಯ ವಿದ್ಯೆಯೇ ಬಹುಮಟ್ಟಿಗೆ ಕಾರಣವು. ಆ ವಿದ್ಯೆಗೆ ಆಚಾರ್ಯನೆನಿಸಿದವನು ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್.

ಈತನು 1803ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಹುಟ್ಟಿದನು. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆಯ ಯಂತ್ರಶಾಲೆಯಲ್ಲಿ ಕೈ ಪಳಗಿಸಿಕೊಂಡು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದನು. ಮೂರು ಲೋಹದ ಹಲಗೆಗಳನ್ನು ಒಂದರ ಮೇಲೊಂದನ್ನಿಟ್ಟು ನೋಡಿ, ಉಬ್ಬಿದೆಡೆಗಳನ್ನು ಹೆರೆಯುತ್ತ, ಮೂರೂ ಪರಸ್ಪರ ಕೂಡುವವರೆಗೆ ಬಿಡದೆ ನಿಜವಾದ ಸಮತಲವನ್ನು ಸಾಧಿಸುವ ಕ್ರಮವನ್ನು 1840ರಲ್ಲಿ ವಿದ್ವಾಂಸರ ಮುಂದಿಟ್ಟನು. ಹಲಗೆಗಳು ಎರಡೇ ಆದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಅಡಗಬಹುದು. ಮೂರನೆಯದು ಆ ಮೋಸವನ್ನು ಬಯಲಿಗೆಳೆಯುವುದು. ಅಂಗುಲದ ಹತ್ತು ಲಕ್ಷದಲ್ಲೊಂದು ಭಾಗವನ್ನು ತೋರಿಸುವ ಅಳತೆಯ ಯಂತ್ರವನ್ನೂ ಅವನು ನಿರ್ಮಿಸಿದನು.

ಆಗ ಬ್ರಿಟಿಷ್ ಸೇನೆಯಲ್ಲಿ 1853ರ ಮಾದರಿಯ ಎನ್‌ಫೀಲ್ಡ್ ಕೋವಿಯು ಬಳಕೆಗೆ ಬರುತ್ತಿದ್ದಿತು. ಅದರ ನಳಿಗೆಯ ಒಳವ್ಯಾಸ 0.577 ಅಂಗುಲ, ಒಳಗಿನ ಮೂರು ತೋಡುಗಳು 78 ಅಂಗುಲಕ್ಕೆ ಒಂದು ಸುತ್ತಿನಂತೆ ತಿರುಗುತ್ತಿದ್ದುವು. ಇಂತಹ ಕೋವಿಗಳನ್ನು ಮಾಡುವ ಯಂತ್ರಗಳನ್ನು ರಚಿಸಿಕೊಡಬೇಕೆಂದು 1854ರಲ್ಲಿ ಸರ್ಕಾರವು ವಿಟ್ವರ್ತನನ್ನು ಕೇಳಿತು. ಒಳ್ಳೆಯ ನಳಿಗೆಯ ಲಕ್ಷಣವೇ ನಿಶ್ಚಯವಾಗದಿರುವಾಗ ಯಂತ್ರವನ್ನು ರಚಿಸುವುದೆಂತೆಂದು ಆಲೋಚಿಸಿ, ಅವನು ಮೊದಲು ಪರೀಕ್ಷೆಗೆ ತೊಡಗಿದನು. ಗಾಳಿಯ ಬಾಧೆ ತಗಲದಂತೆ 500 ಗಜ ಉದ್ದದ ಮುಚ್ಚಿದ ಪಡಸಾಲೆಯೊಂದನ್ನು ತನ್ನ ಮನೆಯ ಆವರಣದಲ್ಲಿಯೇ ಕಟ್ಟಿಸಿದನು. ಬಿರುಗಾಳಿಯು ಅದನ್ನು ಕೆಡವಿತು; ಮತ್ತೆ ಕಟ್ಟಿಸಿದನು. ದಾರಿಯುದ್ದಕ್ಕೂ ತೆಳುವಾದ ಕಾಗದದ ಪರದೆಗಳನ್ನು ನಿಲ್ಲಿಸಿ, ಅವುಗಳಲ್ಲಾದ ತೂತುಗಳಿಂದ ಗುಂಡಿನ ಗತಿಯನ್ನು ಗುರುತಿಸಿದನು.

ಉದ್ದವಾದ ಗುಂಡು ತಲೆಕೆಳಗಾಗದೆ ಸಾಗಬೇಕಾದರೆ ಅದು ಅತಿವೇಗವಾಗಿ ತಿರುಗಬೇಕೆಂಬುದು ಈ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ಆದುದರಿಂದ ಅವನು ಒಳವ್ಯಾಸವನ್ನು 0.451 ಅಂಗುಲಕ್ಕೆ ಇಳಿಸಿ, 20 ಅಂಗುಲಕ್ಕೊಂದು ಸುತ್ತು ತಿರುಗುವ ಆರು ಮೂಲೆಯ ರಂಧ್ರವನ್ನು ಕೊರೆದನು. ಗುಂಡಿಗೂ ಅದೇ ಆಕಾರವನ್ನು ಕೊಟ್ಟನು. 1857ರಲ್ಲಿ ಹೈತ್ ಎಂಬಲ್ಲಿ ಎರಡು ಕೋವಿಗಳಿಗೂ ಪಂದ್ಯ ನಡೆಯಿತು. 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡಡಿಗೂ ಮಿಕ್ಕು ಚದರಿದರೆ, ವಿಟ್ವರ್ತನವು ಅರ್ಧ ಅಡಿಯೊಳಗೇ ನಿಂತುವು. ಅದೇ ವರ್ಷ ಅದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾಗಳು ಭರತಖಂಡದ ಸಿಪಾಯಿಗಳಲ್ಲಿ ಕಿಚ್ಚನ್ನೆಬ್ಬಿಸಿದುದನ್ನು ಎಲ್ಲರೂ ಬಲ್ಲರು.

ಗೆದ್ದರೂ ಆ ಕೋವಿಯು ಸೇನೆಗೆ ಸಲ್ಲಲಿಲ್ಲ. ಬೆಲೆ ಹೆಚ್ಚು, ಕಿರಿದಾದ ರಂಧ್ರದಲ್ಲಿ ಮದ್ದಿನ ಮಸಿ ಬೇಗನೆ ಕಟ್ಟುವುದೆಂಬ ಆಕ್ಷೇಪವೂ ಬಂದಿತು. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿಯು ಪೀಠದ ಮೇಲೆ ಬಿಗಿದಿದ್ದ ವಿಟ್ವರ್ತ್ ಕೋವಿಯ ರೇಷ್ಮೆಯ ದಾರವನ್ನೆಳೆದಾಗ, ಗುಂಡು 400 ಗಜದಾಚೆಯ ಗುರಿಯ ನಡುವಿಗೆ ಒಂದೂಕಾಲು ಅಂಗುಲದಷ್ಟು ಸಮೀಪದಲ್ಲಿ ತಗುಲಿತು. ಜನ ಕೊಂಡಾಡಿದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಇಂತಹ ಕೆಲವು ಕೋವಿಗಳನ್ನು ತರಿಸಿಕೊಂಡರು. 1864ರಲ್ಲಿ ಉತ್ತರದ ಸೇನಾನಿ ಸೆಡ್ಜ್‌ವಿಕ್ ಮಡಿದುದು ಇದರ ಗುಂಡಿನಿಂದಲೇ ಎಂಬ ಪ್ರತೀತಿಯುಂಟು. ಸಮತಲವನ್ನು ಸಾಧಿಸಿದ ತಾಳ್ಮೆಯೇ ಕೊಲೆಯ ಕೌಶಲಕ್ಕೂ ಆಧಾರವಾಯಿತು.

1871ರಲ್ಲಿ ಸೇನೆಯು ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ಕೋವಿಯ ವ್ಯಾಸ 0.45 ಅಂಗುಲ, ವಿಟ್ವರ್ತನ ಮತವೇ ಕಡೆಗೆ ನಿಂತಿತು. ಅಂತಹ ಕೋವಿಗೆ ತೋಟಾವನ್ನು ಹಿಂದುಗಡೆಯಿಂದ ತುಂಬುವರು. ತೋಟಾ ಕೂರುವ ಕೋಶದ ಅಕ್ಷವು ನಳಿಗೆಯ ಅಕ್ಷಕ್ಕೆ ಕೂದಲೆಳೆಯಷ್ಟು ಓರೆಯಾದರೂ ಗುಂಡು ಓರೆಯಾಗಿಯೇ ತೋಡನ್ನು ಹೊಗುವುದು. ಕೋಶವು ಆಳವಾದರೆ ತೋಟಾದ ಕವಚವು ಹಿಗ್ಗಿ ಬಿರಿಯಬಹುದು. ಆದುದರಿಂದ ಕೆಲಸಗಾರನು ಎರಡು ಉಕ್ಕಿನ ಅಳತೆಗಳನ್ನು ಇಟ್ಟುಕೊಳ್ಳುವನು: ಒಂದನ್ನಿಟ್ಟರೆ ಕೋವಿಯು ಮುಚ್ಚಿಕೊಳ್ಳಬೇಕು, ಇನ್ನೊಂದನ್ನಿಟ್ಟರೆ ಮುಚ್ಚಿಕೊಳ್ಳಬಾರದು. ಕಣ್ಣಿಗಿಂತ ಸ್ಪರ್ಶವನ್ನು ನಂಬುವ ಈ ಪದ್ಧತಿಯು ವಿಟ್ವರ್ತನು ಎತ್ತಿಹಿಡಿದ ಮಾರ್ಗವೇ ಸರಿ.

1868ರಲ್ಲಿ ಅವನು ಯಂತ್ರವಿದ್ಯೆಯನ್ನು ಕಲಿಯುವ ತರುಣರಿಗೆ ವರ್ಷಕ್ಕೆ ನೂರು ಪೌಂಡಿನಂತೆ ಮೂವತ್ತು ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದನು, 1887ರಲ್ಲಿ ತೀರಿಕೊಂಡನು. ಅವನ ಷಟ್ಕೋಣ ನಳಿಗೆಗಳು ವಸ್ತುಸಂಗ್ರಹಾಲಯಗಳನ್ನು ಸೇರಿರುವುವು. ಮೂರು ಹಲಗೆಗಳ ಪಾಠವಾದರೋ ಯಂತ್ರಶಾಲೆಗಳಲ್ಲಿ ಇಂದಿಗೂ ನಡೆದಿದೆ.